ಬಂಡುಕೋರರ ಮೇಲೆ ಸ್ಟೆಲ್ತ್ ಯುದ್ಧವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಎಫ್-22, ಎಫ್-35 ಥರದ ವಿಮಾನಗಳು ಎಲ್ಲೋ ಒಂದು ಮಣ್ಣಿನ ಗೋಡೆಯ ಮನೆಗೆ ಬಾಂಬ್ ಹಾಕಿದವು ಎಂಬ ಸುದ್ದಿ ಬಂದಾಗಲೆಲ್ಲ ಓದುಗರಿಗೆ ಒಂದೇ ಅನುಮಾನ. ಎದುರಾಳಿಯ ಹತ್ತಿರ ರಾಡಾರೇ ಇಲ್ಲ. ಹಾಗಿದ್ದಮೇಲೆ ರಾಡಾರಿಗೆ ಸಿಗದ ವಿಮಾನ, ಅಂದರೆ ಸ್ಟೆಲ್ತ್ ವಿಮಾನ, ಯಾಕೆ ಬೇಕಿತ್ತು? ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಸಿರಿಯಾಕ್ಕೆ ಒಂದು, ಅಫ್ಘಾನಿಸ್ತಾನಕ್ಕೆ ಇನ್ನೊಂದು, ಯೆಮೆನ್‌ಗೆ ಮತ್ತೊಂದು.

ಸ್ಟೆಲ್ತ್ ವಿಮಾನ ಕಣ್ಣಿಗೆ ಕಾಣಿಸುವುದೇ ಇಲ್ವಾ?

ಕಾಣಿಸುತ್ತದೆ. ಹಗಲಲ್ಲಿ ಕೆಳಗೆ ಹಾರಿದರೆ ಬರಿಗಣ್ಣಿಗೇ ಕಾಣುತ್ತದೆ, ಸದ್ದಂತೂ ದೂರದಿಂದಲೇ ಕೇಳುತ್ತದೆ. ಅದರ ಕಸರತ್ತೆಲ್ಲ ಮುಖ್ಯವಾಗಿ ರಾಡಾರಿನ ವಿರುದ್ಧ. ರಾಡಾರ್ ಅಲೆ ಬಂದ ದಾರಿಯಲ್ಲೇ ವಾಪಸ್ ಹೋಗದೆ ಬೇರೆ ಕಡೆ ಚದುರುವ ಹಾಗೆ ಮೈಯ ಆಕಾರ ಇರುತ್ತದೆ. ಮೇಲೆ ಬಳಿದ ಲೇಪ ಒಂದಿಷ್ಟು ಅಲೆಯನ್ನು ಹೀರಿಕೊಳ್ಳುತ್ತದೆ. ಬಾಂಬು, ಕ್ಷಿಪಣಿಗಳನ್ನು ರೆಕ್ಕೆಗೆ ತೂಗುಹಾಕದೆ ಹೊಟ್ಟೆಯೊಳಗೆ ಇಟ್ಟು ಬಾಗಿಲು ಮುಚ್ಚುತ್ತಾರೆ.

ಇಷ್ಟೆಲ್ಲ ಮಾಡಿದರೂ ವಿಮಾನ ಪೂರ್ತಿ ಮಾಯವಾಗುವುದಿಲ್ಲ. ರಾಡಾರಿಗೆ ಅದು ಸಿಗುವ ದೂರ ಕಡಿಮೆಯಾಗುತ್ತದೆ, ಅಷ್ಟೇ. 1999ರ ಮಾರ್ಚ್ 27ರಂದು ಯುಗೊಸ್ಲಾವಿಯಾದ ಪಡೆ ಸೋವಿಯತ್ ಕಾಲದ ಎಸ್-125 ಕ್ಷಿಪಣಿಯಿಂದಲೇ ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನವನ್ನು ಹೊಡೆದುರುಳಿಸಿತು. ಆ ಕ್ಷಿಪಣಿ ಆಗಲೇ ಹಳೇದು.

ಬಂಡುಕೋರರ ಹತ್ತಿರ ವಿಮಾನ ಹೊಡೆಯುವ ಆಯುಧ ಏನಿರುತ್ತದೆ?

ಹೆಚ್ಚಿನವರ ಹತ್ತಿರ ದೊಡ್ಡ ಮಷಿನ್ ಗನ್‌ಗಳು, ಅಪರೂಪಕ್ಕೆ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳು. ಈ ಹೆಗಲ ಕ್ಷಿಪಣಿಗಳಲ್ಲಿ ಬಹುಪಾಲು ಎಂಜಿನ್ನಿನ ಬಿಸಿ ಹಿಡಿದು ಬೆನ್ನಟ್ಟುತ್ತವೆ. ರಾಡಾರಿನ ಗೊಡವೆಯೇ ಅವಕ್ಕಿಲ್ಲ. ಹಾಗಾಗಿ ರಾಡಾರ್ ಹೀರುವ ಲೇಪದಿಂದ ಇಲ್ಲಿ ದೊಡ್ಡ ಉಪಯೋಗವೂ ಇಲ್ಲ. 1986ರಿಂದ, ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಅಫ್ಘಾನ್ ಮುಜಾಹಿದೀನ್‌ಗಳಿಗೆ ಸಿಕ್ಕಿದ ಸ್ಟಿಂಗರ್ ಇದೇ ಜಾತಿಯದು. ಸೋವಿಯತ್ ಪೈಲಟ್‌ಗಳು ಅದಕ್ಕೆ ಕಂಡುಕೊಂಡ ಒಂದು ಉಪಾಯ ಬಹಳ ಸರಳ: ಎತ್ತರದಲ್ಲಿ ಹಾರು. ಇಂಥ ಕ್ಷಿಪಣಿಗಳು ಸುಮಾರು 4-5 ಕಿಲೋಮೀಟರ್ ಎತ್ತರದವರೆಗೆ ಮಾತ್ರ ಮುಟ್ಟುತ್ತವೆ. ಅದಕ್ಕಿಂತ ಮೇಲಿದ್ದರೆ ಮಾಮೂಲಿ ಎಫ್-16 ಕೂಡ ಸುರಕ್ಷಿತ.

ಎರಡು ಸಂದರ್ಭಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಒಂದು, ಬಂಡುಕೋರರು ಕೂತಿರುವ ನೆಲದ ಮೇಲೆ ಬೇರೆ ಯಾರದೋ ರಾಡಾರ್ ಇರುವುದು. ಇನ್ನೊಂದು, ಬಂಡುಕೋರರೇ ಒಂದು ಸೇನೆಯ ಉಗ್ರಾಣವನ್ನು ವಶಪಡಿಸಿಕೊಂಡಿರುವುದು.

ಎಫ್-22 ಮೊದಲ ಸಲ ಬಾಂಬ್ ಹಾಕಿದ್ದು ಎಲ್ಲಿ?

ಸಿರಿಯಾದಲ್ಲಿ, 2014ರ ಸೆಪ್ಟೆಂಬರ್ 22-23ರ ರಾತ್ರಿ. ವಿಮಾನ ಸೇವೆಗೆ ಸಿದ್ಧ ಎಂದು ಘೋಷಿಸಿದ್ದು 2005ರ ಡಿಸೆಂಬರ್‌ನಲ್ಲಿ. ಅಂದರೆ ಸುಮಾರು ಒಂಬತ್ತು ವರ್ಷ ಅದು ಒಂದು ಯುದ್ಧದಲ್ಲೂ ಬಾಂಬ್ ಬಿಟ್ಟಿರಲಿಲ್ಲ. ಇರಾಕ್, ಅಫ್ಘಾನಿಸ್ತಾನ ಎರಡೂ ಕಡೆ ಯುದ್ಧ ನಡೆಯುತ್ತಿದ್ದ ವರ್ಷಗಳವು.

ಆ ರಾತ್ರಿ ಮೊದಲು ಕೆಂಪು ಸಮುದ್ರ ಮತ್ತು ಪರ್ಷಿಯನ್ ಕೊಲ್ಲಿಯ ಹಡಗುಗಳಿಂದ ಟೊಮಾಹಾಕ್ ಕ್ಷಿಪಣಿಗಳು ಹೋದವು. ಎರಡನೇ ಅಲೆಯಲ್ಲಿ ಎಫ್-15, ಎಫ್-16, ಬಿ-1 ಬಾಂಬರ್ ಮತ್ತು ಡ್ರೋನ್‌ಗಳ ಜೊತೆ ಎಫ್-22 ಬಂತು. ಅದರ ಗುರಿ ರಕ್ಕಾ ಊರಿನಲ್ಲಿ ಐಸಿಸ್ ಬಳಸುತ್ತಿದ್ದ ಒಂದು ಕಟ್ಟಡ. ಜಿಪಿಎಸ್ ಹಿಡಿದು ಇಳಿಯುವ ಬಾಂಬ್‌ಗಳನ್ನು ಬಿಟ್ಟಿತು. ದಾಳಿಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಪತ್ರಕರ್ತರಿಗೆ ತೋರಿಸಿತು. ಕಟ್ಟಡದ ಒಂದು ಭಾಗ ಕುಸಿದಿತ್ತು, ಉಳಿದದ್ದು ನಿಂತಿತ್ತು.

ಇಲ್ಲಿ ಸ್ಟೆಲ್ತ್ ಬೇಕಿತ್ತಾ ಅಂದರೆ, ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಐಸಿಸ್‌ಗಾಗಿ ಅಲ್ಲ. ಸಿರಿಯಾ ಸರ್ಕಾರದ ಹತ್ತಿರ ವಾಯುರಕ್ಷಣಾ ಕ್ಷಿಪಣಿಗಳ ದೊಡ್ಡ ಜಾಲವೇ ಇತ್ತು. ಅಮೆರಿಕ ದಾಳಿಯ ಬಗ್ಗೆ ಸಿರಿಯಾಕ್ಕೆ ಮೊದಲೇ ಹೇಳಿತ್ತು, ಒಪ್ಪಿಗೆ ಮಾತ್ರ ಕೇಳಿರಲಿಲ್ಲ. ಸಿರಿಯಾ ಸರ್ಕಾರ ಏನು ಮಾಡುತ್ತದೆ ಅಂತ ಮೊದಲ ರಾತ್ರಿ ಯಾರಿಗೂ ಖಾತ್ರಿ ಇರಲಿಲ್ಲ. ಆ ಜಾಲ ಸುಮ್ನೆ ಇದ್ದದ್ದಲ್ಲ ಅನ್ನುವುದು 2018ರ ಫೆಬ್ರವರಿ 10ರಂದು ಗೊತ್ತಾಯಿತು. ಅವತ್ತು ಸಿರಿಯಾದ ಕ್ಷಿಪಣಿ ಇಸ್ರೇಲಿನ ಒಂದು ಎಫ್-16 ಅನ್ನು ಹೊಡೆದುರುಳಿಸಿತು.

ಅಫ್ಘಾನಿಸ್ತಾನದಲ್ಲಿ ಇಂಥ ಯಾವ ಭಯವೂ ಇರಲಿಲ್ಲ, ಅಲ್ವಾ?

ಇರಲಿಲ್ಲ. ಅದಕ್ಕೇ 2017ರ ನವೆಂಬರ್ ದಾಳಿಯ ಬಗ್ಗೆ ಇಷ್ಟು ಚರ್ಚೆ ನಡೆಯಿತು. ಹೆಲ್ಮಂಡ್ ಪ್ರಾಂತ್ಯದಲ್ಲಿ ತಾಲಿಬಾನ್‌ಗೆ ಹಣ ತರುತ್ತಿದ್ದ ಹೆರಾಯಿನ್ ತಯಾರಿಕೆ ಜಾಗಗಳ ಮೇಲೆ ಅಮೆರಿಕ ಮತ್ತು ಅಫ್ಘಾನ್ ವಾಯುಪಡೆಗಳು ಒಟ್ಟಿಗೆ ದಾಳಿ ಮಾಡಿದವು. ಅಫ್ಘಾನರು ತಂದಿದ್ದು ಸೂಪರ್ ಟುಕಾನೊ ಎಂಬ ಪ್ರೊಪೆಲ್ಲರ್ ವಿಮಾನ. ಅಮೆರಿಕ ತಂದಿದ್ದು ಬಿ-52 ಬಾಂಬರ್ ಮತ್ತು ಎಫ್-22. ಒಂದೇ ಥರದ ಗುರಿಗೆ ಜಗತ್ತಿನ ಅತಿ ದುಬಾರಿ ಫೈಟರ್ ಮತ್ತು ಅತಿ ಅಗ್ಗದ ದಾಳಿ ವಿಮಾನಗಳಲ್ಲೊಂದು ಒಟ್ಟಿಗೆ ಹೋದವು.

ಯಾಕೆ ಎಫ್-22 ಎಂಬ ಪ್ರಶ್ನೆಗೆ ಅಲ್ಲಿನ ಅಮೆರಿಕನ್ ಕಮಾಂಡರ್ ಜನರಲ್ ಜಾನ್ ನಿಕಲ್ಸನ್ ಕೊಟ್ಟ ಕಾರಣ, ಅದು ಹೊರುವ ಸಣ್ಣ ಬಾಂಬ್. ಜಿಬಿಯು-39 ಎಂಬ ಈ ಬಾಂಬ್ 250 ಪೌಂಡ್ ವರ್ಗದ್ದು. ಸಿಡಿದರೆ ಅಕ್ಕಪಕ್ಕದ ಮನೆಗಳಿಗೆ ಪೆಟ್ಟು ಕಡಿಮೆ. ಆ ಕಾಳಜಿಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಯಲ್ಲಿ ಮಲಗಿದ್ದವರಿಗೆ 250 ಪೌಂಡಿಗೂ 2,000 ಪೌಂಡಿಗೂ ಇರುವ ವ್ಯತ್ಯಾಸ ಅಂದರೆ ಜೀವ. ಆದರೆ ಅದೇ ಬಾಂಬನ್ನು ಯುದ್ಧದಲ್ಲಿ ಮೊದಲು ಬಳಸಿದ್ದು ಎಫ್-15ಇ, 2006ರಲ್ಲಿ ಇರಾಕಿನಲ್ಲಿ. ಅದಕ್ಕೆ ಸ್ಟೆಲ್ತ್ ಇಲ್ಲ. ಹಾಗಾಗಿ ಸಣ್ಣ ಬಾಂಬ್ ಬೇಕಿತ್ತು ಅನ್ನುವುದು ಒಪ್ಪುವ ಮಾತು. ಅದಕ್ಕೆ ಎಫ್-22ನೇ ಬೇಕಿತ್ತು ಅನ್ನುವುದು ಅಲ್ಲ. ಆಗ ಎಫ್-22ಗಳು ಹೇಗೂ ಆ ಭಾಗದಲ್ಲಿ ಬೀಡುಬಿಟ್ಟಿದ್ದವು, ಕೈಗೆ ಸಿಕ್ಕಿದ್ದನ್ನು ಕಳಿಸಿದರು ಅನ್ನುವುದೇ ಹೆಚ್ಚು ಸರಿಹೋಗುವ ವಿವರಣೆ.

ಇನ್ನು ಗುರಿಯ ವಿಷಯ. ಈ 'ಲ್ಯಾಬ್'ಗಳು ಅಂದರೆ ಬಹುಮಟ್ಟಿಗೆ ಮಣ್ಣಿನ ಗೋಡೆಯ ಅಂಗಳ, ಕೆಲವು ಡ್ರಮ್ಮು, ಸೌದೆ ಒಲೆ, ರಾಸಾಯನಿಕದ ಮೂಟೆ. ಒಂದನ್ನು ಕೆಡವಿದರೆ ಇನ್ನೊಂದು ಕಡೆ ಬೇಗ ಹೂಡಿಕೊಳ್ಳಬಹುದು. ಈ ದಾಳಿಗಳು ಸುಮಾರು ಒಂದು ವರ್ಷ ನಡೆದು ನಿಂತುಹೋದವು. ಹೆರಾಯಿನ್ ವ್ಯಾಪಾರ ನಿಲ್ಲಲಿಲ್ಲ.

ಎಫ್-35 ಎಲ್ಲೆಲ್ಲಿ ಬಾಂಬ್ ಹಾಕಿದೆ?

ಮೊದಲು ಯುದ್ಧಕ್ಕೆ ಇಳಿಸಿದ್ದು ಇಸ್ರೇಲ್. 2018ರ ಮೇನಲ್ಲಿ ಅಲ್ಲಿನ ವಾಯುಪಡೆ ಮುಖ್ಯಸ್ಥರು ಎರಡು ರಂಗಗಳಲ್ಲಿ ಇದರಿಂದ ದಾಳಿ ಮಾಡಿದ್ದೇವೆ ಎಂದು ಬಹಿರಂಗವಾಗಿ ಹೇಳಿದರು. ಅಮೆರಿಕದ ಮೊದಲ ದಾಳಿ 2018ರ ಸೆಪ್ಟೆಂಬರ್ 27ರಂದು. ಎಸ್ಸೆಕ್ಸ್ ಹಡಗಿನಿಂದ ಹಾರಿದ ಮರೀನ್ ಪಡೆಯ ಎಫ್-35ಬಿ (ಎ, ಬಿ, ಸಿ ಎಂಬುವು ಇದೇ ವಿಮಾನದ ಮೂರು ಮಾದರಿಗಳು) ಕಂದಹಾರ್ ಪ್ರಾಂತ್ಯದಲ್ಲಿ ತಾಲಿಬಾನ್ ಗುರಿಯೊಂದನ್ನು ಹೊಡೆಯಿತು.

ಅಮೆರಿಕದ ವಾಯುಪಡೆಯ ಎಫ್-35ಎ ಸರದಿ 2019ರ ಏಪ್ರಿಲ್ 30ರಂದು ಬಂತು. ಇರಾಕಿನ ಹಮ್ರಿನ್ ಬೆಟ್ಟಸಾಲಿನಲ್ಲಿ ಐಸಿಸ್‌ನವರ ಸುರಂಗ, ಆಯುಧದ ದಾಸ್ತಾನು ಗುರಿ. ಅದೇ ವರ್ಷ ಸೆಪ್ಟೆಂಬರ್ 10ರಂದು ಟೈಗ್ರಿಸ್ ನದಿಯ ಕಾನುಸ್ ದ್ವೀಪದ ಮೇಲೆ ಎಫ್-15 ಮತ್ತು ಎಫ್-35ಗಳು ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ಬಾಂಬ್ ಸುರಿದವು. ದಟ್ಟ ಗಿಡಗಂಟಿ ಬೆಳೆದ ದ್ವೀಪ ಅದು, ಐಸಿಸ್‌ನವರು ಅಲ್ಲಿ ಅಡಗುತ್ತಿದ್ದರು. ಬ್ರಿಟನ್ 2021ರಲ್ಲಿ ಕ್ವೀನ್ ಎಲಿಜಬೆತ್ ಹಡಗಿನಿಂದ ಎಫ್-35ಬಿ ಹಾರಿಸಿ ಐಸಿಸ್ ವಿರುದ್ಧದ ಕಾರ್ಯಾಚರಣೆಗೆ ಸೇರಿಸಿತು.

ಇವು ಎಷ್ಟು ಬಾಂಬ್ ಹೊರುತ್ತವೆ?

ಹೊಟ್ಟೆಯೊಳಗೆ ಜಾಗ ಕಡಿಮೆ. ಎಫ್-22ರ ಒಳಗೆ 1,000 ಪೌಂಡಿನ ಎರಡು ಬಾಂಬ್, ಇಲ್ಲವೇ 250 ಪೌಂಡಿನ ಎಂಟು. ಎಫ್-35ಎ ಒಳಗೆ 2,000 ಪೌಂಡಿನ ಎರಡು ಹಿಡಿಸುತ್ತವೆ. ರೆಕ್ಕೆಯ ಕೆಳಗೂ ತೂಗುಹಾಕಿದರೆ ಎಫ್-35 ಇದರ ಹಲವು ಪಟ್ಟು ಹೊರುತ್ತದೆ. ಆದರೆ ಆಗ ರಾಡಾರಿಗೆ ಸಲೀಸಾಗಿ ಕಾಣುತ್ತದೆ. ರಾಡಾರ್ ಇಲ್ಲದ ಕಡೆ ಇದನ್ನೇ ಮಾಡುತ್ತಾರೆ. ಅಲ್ಲಿಗೆ ಅದು ಸ್ಟೆಲ್ತ್ ವಿಮಾನವಾಗಿ ಅಲ್ಲ, ಒಳ್ಳೆಯ ಕ್ಯಾಮೆರಾ ಇರುವ ಬಾಂಬರ್ ಆಗಿ ಹಾರುತ್ತಿದೆ ಎಂದು ಅರ್ಥ.

ನೆಲದ ಮೇಲಿನ ಸೈನಿಕರಿಗೆ ನೆರವಾಗಲು ಎ-10 ಒಳ್ಳೇದಾ, ಎಫ್-35 ಒಳ್ಳೇದಾ?

ಎರಡು ಬೇರೆ ಬೇರೆ ಕೆಲಸಗಳು ಇಲ್ಲಿ ಕಲಸಿಹೋಗುತ್ತವೆ. ಎಲ್ಲಿ ಹೊಡೆಯಬೇಕು ಎಂದು ಮೊದಲೇ ಗೊತ್ತಿರುವ ಕಟ್ಟಡಕ್ಕೆ ಬಾಂಬ್ ಹಾಕುವುದು ಒಂದು. ನಮ್ಮವರು ಇಲ್ಲಿ, ಎದುರಾಳಿ ಇನ್ನೂರು ಮೀಟರ್ ಆಚೆ, ಮಧ್ಯೆ ಒಂದು ಗೋಡೆ ಅನ್ನುವಾಗ ನೆರವಿಗೆ ಬರುವುದು ಇನ್ನೊಂದು. ಎರಡನೆಯದರಲ್ಲಿ ಸೈನಿಕರ ಜೊತೆಗಿರುವ ಕಂಟ್ರೋಲರ್ ರೇಡಿಯೊದಲ್ಲಿ ಗುರಿಯ ಜಾಗ, ಎತ್ತರ, ಗುರುತು, ನಮ್ಮವರು ಇರುವ ದಿಕ್ಕು ಇವನ್ನೆಲ್ಲ ಒಂದೊಂದಾಗಿ ಹೇಳುತ್ತಾನೆ. ಪೈಲಟ್ ಮುಖ್ಯವಾದ ಅಂಕಿಗಳನ್ನು ತಿರುಗಿ ಓದಿ ಹೇಳುತ್ತಾನೆ. ಸರಿ ಇದೆ ಎಂದಾದ ಮೇಲೇ ಬಾಂಬು ಅಥವಾ ಗನ್. ಇದಕ್ಕೆ ಸಮಯ ಬೇಕು, ಮೇಲೆಯೇ ಸುತ್ತುತ್ತ ಇರುವ ತಾಳ್ಮೆ ಬೇಕು.

ಎ-10 ಇದಕ್ಕೆಂದೇ ಹುಟ್ಟಿದ ವಿಮಾನ. ನಿಧಾನ ಹಾರುತ್ತದೆ, ತುಂಬ ಹೊತ್ತು ಸುತ್ತುತ್ತದೆ. ಅದರ 30 ಮಿಲಿಮೀಟರ್ ಗನ್‌ಗೆ ಸಾವಿರಕ್ಕೂ ಜಾಸ್ತಿ ಗುಂಡು ತುಂಬುತ್ತಾರೆ. ಎಫ್-35ಎ ಗನ್ 25 ಮಿಲಿಮೀಟರಿನದು, ಗುಂಡು ಸುಮಾರು 180. ಗುಂಡಿ ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಖಾಲಿ.

ಹಾಗಂತ ಎಫ್-35 ಕುರುಡಲ್ಲ. ಅದರ ಮೂಗಿನ ಕೆಳಗೆ ಇನ್‌ಫ್ರಾರೆಡ್ ಕ್ಯಾಮೆರಾ, ಲೇಸರ್ ಎರಡೂ ಇವೆ. ಮೈ ಸುತ್ತ ಆರು ಕ್ಯಾಮೆರಾಗಳು. ಕೊರತೆ ಇದ್ದದ್ದು ಬೇರೆ ಕಡೆ: ಪೈಲಟ್ ನೋಡುತ್ತಿರುವ ವಿಡಿಯೊವನ್ನು ನೆಲದ ಕಂಟ್ರೋಲರ್‌ಗೆ ಕಳಿಸುವ ಸೌಲಭ್ಯ ಶುರುವಿನ ವರ್ಷಗಳಲ್ಲಿ ಇರಲಿಲ್ಲ. ಆ ಹೊತ್ತಿಗೆ ಹಳೆಯ ವಿಮಾನಗಳು ಅದನ್ನು ಮಾಡುತ್ತಿದ್ದವು. ಎಫ್-22ರ ಸ್ಥಿತಿ ಇನ್ನೂ ಕಷ್ಟ. ರಾಡಾರಿನಿಂದ ನೆಲದ ಚಿತ್ರ ತೆಗೆಯಬಲ್ಲದು, ಆದರೆ ಕೆಳಗಿನ ಮನುಷ್ಯರನ್ನು ನೋಡುವ ಕ್ಯಾಮೆರಾ, ಗುರಿ ತೋರಿಸುವ ಲೇಸರ್ ಅದಕ್ಕೆ ಕೊಟ್ಟಿರಲಿಲ್ಲ. ಮೊದಲೇ ಕೊಟ್ಟ ಜಿಪಿಎಸ್ ಜಾಗಕ್ಕೆ ಬಾಂಬ್ ಬಿಡುವುದು ಅದರ ದಾರಿ. ಓಡುತ್ತಿರುವ ಗಾಡಿಯನ್ನು ಹಿಂಬಾಲಿಸುವ ಕೆಲಸಕ್ಕೆ ಅದು ಸರಿಯಲ್ಲ.

ಖರ್ಚು ನಿಜವಾಗಿಯೂ ಅಷ್ಟು ದೊಡ್ಡದಾ?

ಹೌದು. ಅಮೆರಿಕದ ಸರ್ಕಾರಿ ಲೆಕ್ಕಗಳ ಪ್ರಕಾರ ಎಫ್-35ಎ ಒಂದು ಗಂಟೆ ಹಾರಲು 30,000 ಡಾಲರಿಗೂ ಜಾಸ್ತಿ. ಎಫ್-22 ಅದಕ್ಕಿಂತ ದುಬಾರಿ. ಜೊತೆಗೆ ಗಾಳಿಯಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನಗಳ ಖರ್ಚು ಬೇರೆ. ಪ್ರೊಪೆಲ್ಲರ್ ವಿಮಾನದ ಗಂಟೆಯ ಖರ್ಚು ಇದರ ಒಂದು ಸಣ್ಣ ಪಾಲು.

ಡಾಲರಿಗಿಂತ ನನಗೆ ದೊಡ್ಡದಾಗಿ ಕಾಣುವುದು ವಿಮಾನದ ಆಯುಸ್ಸು. ಸೇವೆಗೆಂದು ತಯಾರಾದ ಎಫ್-22ಗಳು 187 ಮಾತ್ರ. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಹೊಸದು ಬರುವುದಿಲ್ಲ. ಪ್ರತಿ ವಿಮಾನಕ್ಕೂ ಇಷ್ಟು ಗಂಟೆ ಹಾರಾಟ ಎಂದು ಲೆಕ್ಕ ಇರುತ್ತದೆ. ಡ್ರಮ್ಮು, ಒಲೆಗಳ ಮೇಲೆ ಖರ್ಚಾದ ಗಂಟೆ ವಾಪಸ್ ಬರುವುದಿಲ್ಲ. ಹಾರಿ ಬಂದಮೇಲೆ ಲೇಪ ಎಲ್ಲೆಲ್ಲಿ ಕಿತ್ತಿದೆ ನೋಡಿ ಸರಿಮಾಡುವ ಕೆಲಸ ಬೇರೆ. ಪೈಲಟ್‌ಗಳ ಪ್ರಶ್ನೆಯೂ ಇದೆ. ಬೇರೆ ಬೇರೆ ಕರ್ತವ್ಯಗಳಿಗೆ ಓಡಾಡುವುದರಲ್ಲಿ ಎಫ್-22 ಪೈಲಟ್‌ಗಳಿಗೆ ಆಕಾಶಯುದ್ಧದ ತರಬೇತಿಗೆ ಸಮಯ ಸಾಲುತ್ತಿಲ್ಲ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 2018ರಲ್ಲೇ ಹೇಳಿತ್ತು. ಅಂದಹಾಗೆ, ಆಕಾಶಯುದ್ಧಕ್ಕೆಂದೇ ಕಟ್ಟಿದ ಈ ವಿಮಾನ ಗಾಳಿಯಲ್ಲಿ ಮೊದಲು ಹೊಡೆದುರುಳಿಸಿದ್ದು 2023ರ ಫೆಬ್ರವರಿ 4ರಂದು, ಚೀನಾದ ಒಂದು ಬಲೂನನ್ನು.

ನಿಖರ ಬಾಂಬ್ ಇದ್ದರೆ ಸಾಮಾನ್ಯ ಜನ ಸಾಯುವುದು ಕಡಿಮೆಯಾಗುತ್ತದೆ, ಅಲ್ವಾ?

ಗುರಿ ತಪ್ಪಿ ಪಕ್ಕದ ಬೀದಿಗೆ ಬೀಳುವ ಬಾಂಬ್‌ಗಳು ಕಡಿಮೆಯಾಗುತ್ತವೆ. ಅದು ದೊಡ್ಡ ವಿಷಯವೇ. ಆದರೆ ಈ ಇಡೀ ಚರ್ಚೆಯಲ್ಲಿ ಜನ ಮರೆಯುವ ಒಂದು ಸಂಗತಿ ಇದೆ. ಸ್ಟೆಲ್ತ್ ವಿಮಾನ ತನ್ನನ್ನು ತಾನು ಮರೆಮಾಡಿಕೊಳ್ಳಬಲ್ಲದು. ಗೋಡೆಯ ಆಚೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

2017ರ ಮಾರ್ಚ್ 17ರಂದು ಇರಾಕಿನ ಮೊಸುಲ್ ನಗರದ ಅಲ್-ಜದೀದಾ ಬಡಾವಣೆಯಲ್ಲಿ ನಡೆದದ್ದನ್ನು ನೋಡಿ. ಒಂದು ಮನೆಯ ಮಹಡಿಯಲ್ಲಿ ಐಸಿಸ್‌ನ ಇಬ್ಬರು ಸ್ನೈಪರ್‌ಗಳಿದ್ದರು. ಅವರಿಗಾಗಿ ಅಮೆರಿಕದ ವಿಮಾನ 500 ಪೌಂಡಿನ ಒಂದೇ ಒಂದು ಜಿಪಿಎಸ್ ಬಾಂಬ್ ಹಾಕಿತು. ಬಾಂಬ್ ಹೇಳಿದ ಜಾಗಕ್ಕೇ ಬಿತ್ತು. ಕೆಳಗಿನ ಅಂತಸ್ತುಗಳಲ್ಲಿ ಜೀವ ಉಳಿಸಿಕೊಳ್ಳಲು ಸೇರಿದ್ದ ಕುಟುಂಬಗಳಿದ್ದವು. ಅದು ದಾಳಿ ಯೋಜಿಸಿದವರಿಗೆ ಗೊತ್ತಿರಲಿಲ್ಲ. ನೂರಕ್ಕೂ ಜಾಸ್ತಿ ಜನ ಸತ್ತರು. ಐಸಿಸ್‌ನವರು ಮನೆಯೊಳಗೆ ಇಟ್ಟಿದ್ದ ಸ್ಫೋಟಕಗಳೂ ಸಿಡಿದವು ಎಂದು ಅಮೆರಿಕದ ತನಿಖೆ ಹೇಳಿತು. ಅಲ್ಲಿಯ ಜನ ಅದನ್ನು ಒಪ್ಪಲಿಲ್ಲ.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಗುರಿ ಒಂದು ಬಿಳಿ ಟೊಯೊಟಾ ಕಾರು. ಡ್ರೋನ್‌ಗಳು ಸುಮಾರು ಎಂಟು ಗಂಟೆ ಅದನ್ನು ಮೇಲಿಂದ ಗಮನಿಸಿದ್ದವು. ಕಾರಿಗೆ ತುಂಬಿದ್ದು ನೀರಿನ ಕ್ಯಾನ್‌ಗಳು, ನೋಡುತ್ತಿದ್ದವರಿಗೆ ಸ್ಫೋಟಕ ಅನ್ನಿಸಿತು. ಸತ್ತ 10 ಮಂದಿಯಲ್ಲಿ 7 ಮಕ್ಕಳು. ಮೂರು ವಾರದೊಳಗೆ ಪೆಂಟಗನ್ ಅದು ತಪ್ಪು ಎಂದು ಒಪ್ಪಿಕೊಂಡಿತು. ಎಂಟು ಗಂಟೆ ನೋಡಿಯೂ ಹೀಗಾದರೆ, ನಿಮಿಷಗಳಲ್ಲಿ ಬಂದು ಹೋಗುವ ಫೈಟರ್‌ನಿಂದ ಏನು ನಿರೀಕ್ಷೆ ಮಾಡಬಹುದು? ಹಾಗಾಗಿ 'ಅತ್ಯಾಧುನಿಕ ವಿಮಾನ ಕಳಿಸಿದ್ದೇವೆ, ಜನಕ್ಕೆ ತೊಂದರೆ ಆಗಿಲ್ಲ' ಎಂಬ ಹೇಳಿಕೆ ಕೇಳಿದಾಗ ವಿಮಾನದ ಹೆಸರಿಗೆ ತೂಕ ಕೊಡಬೇಡಿ. ಗುರಿಯ ಮಾಹಿತಿ ಯಾರಿಂದ ಬಂತು, ಎಷ್ಟು ಹಳೇದು, ಆಮೇಲೆ ಆ ಜಾಗಕ್ಕೆ ಯಾರಾದರೂ ಹೋಗಿ ನೋಡಿದರಾ ಎಂದು ಕೇಳಿ.

ಹೀಗೆ ಬಳಸಿದರೆ ವಿಮಾನದ ಗುಟ್ಟು ಹೊರಗೆ ಹೋಗುವುದಿಲ್ವಾ?

ಆ ಆತಂಕ ನಿಜ. 2015ರಿಂದ ರಷ್ಯಾ ತನ್ನ ಎಸ್-400 ರಾಡಾರ್ ಮತ್ತು ಕ್ಷಿಪಣಿಗಳನ್ನು ಸಿರಿಯಾದ ಹ್ಮೇಮಿಮ್ ನೆಲೆಯಲ್ಲಿ ಇಟ್ಟಿತು. ಅಲ್ಲಿ ಹಾರಿದ ಪ್ರತಿ ವಿಮಾನವೂ ಅವರಿಗೆ ಪಾಠವೇ. ಸ್ಟೆಲ್ತ್ ವಿಮಾನಗಳಿಗೆ ಬೇಕೆಂದೇ ಅಂಟಿಸುವ ಪುಟ್ಟ ಪ್ರತಿಫಲಕಗಳು ಇವೆ. ಅವುಗಳಿಂದ ವಿಮಾನ ರಾಡಾರಿನಲ್ಲಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ರಾಡಾರಿನಲ್ಲಿ ಅದು ನಿಜವಾಗಿ ಹೇಗೆ ಕಾಣುತ್ತದೆ ಎಂಬ ಗುರುತು ಯಾರಿಗೂ ಸಿಗುವುದಿಲ್ಲ. ನಾಗರಿಕ ವಿಮಾನ ಸಂಚಾರ ನಿಯಂತ್ರಕರಿಗೂ ಇದರಿಂದ ಅನುಕೂಲ. ಆದರೆ ಇದನ್ನು ಅಂಟಿಸಿಕೊಂಡು ಬಾಂಬ್ ಹಾಕಲು ಹೋದರೆ ಸ್ಟೆಲ್ತ್ ಇದ್ದೂ ಇಲ್ಲದಂತೆ.

ಬಿ-2 ಎಂಬ ಸ್ಟೆಲ್ತ್ ಬಾಂಬರ್ ಕೂಡ ಬಳಸಿದ್ದಾರಂತೆ?

2017ರ ಜನವರಿಯಲ್ಲಿ, ಲಿಬಿಯಾದಲ್ಲಿ. ಎರಡು ಬಿ-2ಗಳು ಅಮೆರಿಕದ ಮಿಸೂರಿಯಿಂದ ಹೊರಟು, ಸಿರ್ತ್ ಊರಿನ ನೈಋತ್ಯಕ್ಕಿದ್ದ ಐಸಿಸ್ ಶಿಬಿರಗಳಿಗೆ 500 ಪೌಂಡಿನ ಸುಮಾರು ನೂರು ಬಾಂಬ್ ಹಾಕಿ ವಾಪಸಾದವು. ಹೋಗಿ ಬರುವುದಕ್ಕೆ 30 ಗಂಟೆಗೂ ಜಾಸ್ತಿ. ಅಲ್ಲಿ ತಡೆಯುವ ರಾಡಾರ್ ಜಾಲ ಇರಲಿಲ್ಲ. ಬೇಕಾಗಿದ್ದು ಒಂದೇ ಏಟಿಗೆ ಹೆಚ್ಚು ಬಾಂಬ್ ಹೊರುವ ಶಕ್ತಿ. ಅದನ್ನು ಬಿ-1, ಬಿ-52 ಸಹ ಮಾಡಬಲ್ಲವು. ಇಷ್ಟು ದೂರದಿಂದ ಹೊಡೆಯಬಲ್ಲೆವು ಎಂದು ಬೇರೆಯವರಿಗೆ ತೋರಿಸುವುದೂ ಇದರಲ್ಲಿ ಇತ್ತು ಅಂತ ನನಗನ್ನಿಸುತ್ತದೆ.

ಹಾಗಾದರೆ ಈ ಕೆಲಸಕ್ಕೆ ಯಾವ ವಿಮಾನ ಸರಿ?

ಆಕಾಶದಲ್ಲಿ ಅಪಾಯ ಇಲ್ಲದಿದ್ದರೆ ನಿಧಾನದ, ಅಗ್ಗದ, ತುಂಬ ಹೊತ್ತು ಇರುವ ವಿಮಾನ. ಎಂಕ್ಯೂ-9 ಡ್ರೋನ್ 20 ಗಂಟೆಗೂ ಜಾಸ್ತಿ ಮೇಲಿರುತ್ತದೆ. ಸೂಪರ್ ಟುಕಾನೊವನ್ನು ಕೊಲಂಬಿಯಾ ಫಾರ್ಕ್ ಬಂಡುಕೋರರ ವಿರುದ್ಧ ಬಳಸಿತು, ನೈಜೀರಿಯಾ 2021ರಲ್ಲಿ 12 ತರಿಸಿಕೊಂಡಿತು. ಅಮೆರಿಕದ ವಿಶೇಷ ಪಡೆಗಳೂ 2022ರಲ್ಲಿ ಆರಿಸಿಕೊಂಡದ್ದು ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನದಿಂದ ಬೆಳೆಸಿದ ಒಂದು ಪ್ರೊಪೆಲ್ಲರ್ ವಿಮಾನವನ್ನು. ಇವು ಅಗ್ಗ ಅನ್ನುವುದಕ್ಕಿಂತ, ಒಂದೇ ಊರಿನ ಮೇಲೆ ದಿನಗಟ್ಟಲೆ ಕಣ್ಣಿಡಲು ಬಿಡುತ್ತವೆ ಅನ್ನುವುದು ಮುಖ್ಯ.

ಬಂಡುಕೋರರ ವಿರುದ್ಧವೇ ಸ್ಟೆಲ್ತ್ ನಿಜವಾಗಿ ಬೇಕಾಗುವ ಜಾಗ ಇದೆಯಾ?

ಯೆಮೆನ್. ಅಲ್ಲಿನ ಹೂತಿ ಬಂಡುಕೋರರು 2014ರಲ್ಲಿ ರಾಜಧಾನಿ ಸನಾ ಹಿಡಿದಾಗ ಸೇನೆಯ ಕ್ಷಿಪಣಿ ದಾಸ್ತಾನೂ ಅವರ ಕೈಗೆ ಬಂತು. ಆಮೇಲೆ ಇರಾನಿನ ನೆರವು ಸೇರಿಕೊಂಡಿತು. ಡ್ರೋನ್ ಸಾಕು ಎಂಬ ಮೇಲಿನ ಮಾತು ಅಲ್ಲಿ ನಡೆಯುವುದಿಲ್ಲ. ತಲಾ ಸುಮಾರು 30 ಮಿಲಿಯನ್ ಡಾಲರಿನ ಎಂಕ್ಯೂ-9ಗಳನ್ನು ಅವರು ಒಂದರ ಹಿಂದೆ ಒಂದು ಉರುಳಿಸಿದರು. 2025ರ ಮಾರ್ಚ್-ಏಪ್ರಿಲ್‌ನಲ್ಲಿ ಆರು ವಾರದೊಳಗೆ ಏಳು ಹೋದವು.

ಅಮೆರಿಕ 2024ರ ಅಕ್ಟೋಬರ್‌ನಲ್ಲಿ ಹೂತಿಗಳ ಐದು ನೆಲಮಾಳಿಗೆ ಶಸ್ತ್ರಾಗಾರಗಳ ಮೇಲೆ ಬಿ-2 ಕಳಿಸಿತು. ಮುಂದಿನ ತಿಂಗಳು ಅಬ್ರಹಾಂ ಲಿಂಕನ್ ಹಡಗಿನ ಎಫ್-35ಸಿಗಳು ಮೊದಲ ಸಲ ಯುದ್ಧಕ್ಕೆ ಇಳಿದದ್ದೂ ಅಲ್ಲೇ. 2025ರ ಮಾರ್ಚ್ 15ರಿಂದ ವಾರಗಟ್ಟಲೆ ದಾಳಿ ನಡೆಯಿತು, ಬಿ-2ಗಳನ್ನು ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪಕ್ಕೇ ತಂದು ಇಟ್ಟರು. ಇಲ್ಲಿ ರಾಡಾರ್ ತಪ್ಪಿಸುವುದಕ್ಕೆ ಅರ್ಥ ಇತ್ತು, ಬೆಟ್ಟದೊಳಗೆ ಕೊರೆದ ಉಗ್ರಾಣ ಒಡೆಯುವ ದೊಡ್ಡ ಬಾಂಬಿಗೂ ಅರ್ಥ ಇತ್ತು. ಮೇ 6ರಂದು ಒಮಾನ್ ಮಧ್ಯಸ್ಥಿಕೆಯಲ್ಲಿ ಅಮೆರಿಕ ಮತ್ತು ಹೂತಿಗಳ ನಡುವೆ ಕದನವಿರಾಮ ಆಯಿತು. ಸನಾ ಹೂತಿಗಳ ಕೈಯಲ್ಲೇ ಉಳಿಯಿತು. ಅದೇ ವರ್ಷದ ಜುಲೈನಲ್ಲಿ ಅವರು ಕೆಂಪು ಸಮುದ್ರದಲ್ಲಿ ಮತ್ತೆ ಎರಡು ಸರಕು ಹಡಗುಗಳನ್ನು ಮುಳುಗಿಸಿದರು.